ಮುಂಗೈ ಮೇಲಿನ ಅಮಾವಾಸ್ಯೆ

ಮೊನ್ನೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಸಂತೆಕಲ್ಲೂರಿನ ಹಿರಿಯರೊಬ್ಬರು ನನ್ನ ಕಿಟಕಿಗೆ ಬಂದು, "ಟೈಮ್ ಎಷ್ಟಾತ್ರಿ ಸಾಹೇಬ್ರ?" ಎಂದು ಕೇಳಿದರು. ನಾನು ಎಡಗೈಯನ್ನು ಮೇಜಿನ ಮೇಲೆಯೇ ಬಿಟ್ಟು, ಬಲಗೈಯನ್ನು ಕಿಸೆಗೆ ಹಾಕಿ, ಮೊಬೈಲು ತೆಗೆದು, "ಹನ್ನೊಂದೂ ಹತ್ತು" ಎಂದೆ. ಅವರು ಮೊಬೈಲನ್ನು ನೋಡಿದರು. ಆಮೇಲೆ ಎಡಗೈಯಲ್ಲಿ ಫಳಫಳ ಹೊಳೆಯುತ್ತಿದ್ದ ವಾಚನ್ನು ನೋಡಿದರು.

"ಕೆಟ್ಟೈತೇನ್ರಿ ಅದು?"

"ಇಲ್ರಿ, ಚಾಲೂ ಐತಿ."

"ಮತ್ತ?"

ಆ 'ಮತ್ತ'ಕ್ಕೆ ಉತ್ತರ ಹೇಳಲು ಕುಳಿತಿದ್ದರೆ ಅವರ ಬಸ್ಸು ತಪ್ಪುತ್ತಿತ್ತು. ನಿಮಗೆ ಬಸ್ಸಿನ ಅವಸರ ಇರಲಾರದು ಎಂದುಕೊಂಡು ಹೇಳುತ್ತೇನೆ.

ನಾನು ಬಸ್ ನಿಲ್ದಾಣದ ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆಯುವುದು ನನ್ನ ಉದ್ಯೋಗ. ದಿನವೂ ಮಸ್ಕಿಯಿಂದ ಬಂದು ಹೋಗುತ್ತೇನೆ. ಬಸ್ಸುಗಳ ಹೊತ್ತು ಬರೆದೂ ಬರೆದೂ ಸಾಲದೆ, ಮನೆಗೆ ಹೋಗಿ ನನ್ನ ಹೊತ್ತನ್ನೂ ಡೈರಿಯಲ್ಲಿ ಬರೆಯುತ್ತೇನೆ. ಎದ್ದದ್ದು, ಉಂಡದ್ದು, ಮಳೆ ಬಂದದ್ದು, ಕರೆಂಟು ಹೋದದ್ದು. ಕರೆಂಟು ಬಂದದ್ದನ್ನೂ ಬರೆಯುತ್ತೇನೆ, ಇಲ್ಲವಾದರೆ ಲೆಕ್ಕ ತಾಳೆಯಾಗುವುದಿಲ್ಲ. ಇಂಥ ಮನುಷ್ಯನಿಗೆ ವಾಚು ಎಂದರೆ ರೈತನಿಗೆ ಕುಂಟೆ ಇದ್ದ ಹಾಗೆ. ಚಂದ ಇರಬೇಕೆಂದೇನಿಲ್ಲ, ನೆಲಕ್ಕೆ ಹತ್ತಬೇಕು.

ಈಗ ನನ್ನ ಕೈಯಲ್ಲಿರುವ ವಾಚು ನೆಲಕ್ಕೆ ಹತ್ತುವುದಿಲ್ಲ. ಅದರ ಮುಖವನ್ನು ಸ್ವಲ್ಪ ವಿವರಿಸುತ್ತೇನೆ, ನೀವೇ ಹೇಳಿ. ಹಿನ್ನೆಲೆ ಬೆಳ್ಳಿ ಬಣ್ಣ. ಆ ಬೆಳ್ಳಿಯ ಮೇಲೆ ಬೆಳ್ಳಿಯದೇ ಹನ್ನೆರಡು ಕಡ್ಡಿಗಳು. ಅಂಕಿ ಒಂದೂ ಇಲ್ಲ. ಮುಳ್ಳುಗಳು ಕೂಡ ಬೆಳ್ಳಿ, ಕೌದಿ ಹೊಲಿಯುವ ಸೂಜಿಗಿಂತ ಸಪೂರ, ಕನ್ನಡಿಯಂತೆ ತಿಕ್ಕಿದವು. ನೆರಳಿನಲ್ಲಿ ಹಿಡಿದರೆ ಮುಳ್ಳುಗಳು ಹಿನ್ನೆಲೆಯಲ್ಲಿ ಕರಗುತ್ತವೆ. ಬಿಸಿಲಿಗೆ ಹಿಡಿದರೆ ಇಡೀ ವಾಚೇ ಬಿಸಿಲಾಗುತ್ತದೆ. ನಮ್ಮ ಕಡೆ ಬಿಸಿಲು ಬಿಟ್ಟರೆ ಹಿಡಿಯಲು ಬೇರೆ ಏನಿದೆ? ತಾರೀಖಿಗೆ ಒಂದು ಕಿಂಡಿ ಇದೆ, ನಾಲ್ಕು ಮತ್ತು ಐದರ ನಡುವೆ, ಓರೆಯಾಗಿ, ಕದ ಸರಿಸಿ ಇಣುಕುವ ಸೊಸೆಯ ಹಾಗೆ. ತಾರೀಖೇ ಜೀವಾಳವಾದ ನನ್ನಂಥವನಿಗೆ ಇದಕ್ಕಿಂತ ಅವಮಾನ ಇಲ್ಲ. ತಯಾರಿಸಿದವರ ಹೆಸರು ಮಾತ್ರ ಹನ್ನೆರಡರ ಕೆಳಗೆ ದಪ್ಪಗೆ, ಮೇಲೊಂದು ಕಿರೀಟದ ಚಿತ್ರದೊಂದಿಗೆ, ಎಷ್ಟು ದೂರದಿಂದಲೂ ಓದಬಹುದು. ಈ ವಾಚು ನೋಡಿದರೆ ಅದನ್ನು ಮಾಡಿದವರು ಯಾರು ಎಂದು ತಕ್ಷಣ ಗೊತ್ತಾಗುತ್ತದೆ. ಟೈಮ್ ಎಷ್ಟು ಎಂದು ಗೊತ್ತಾಗುವುದಿಲ್ಲ.

ಮುಖದ ವಿನ್ಯಾಸದ ಬಗ್ಗೆ ಇಷ್ಟು ದೊಡ್ಡ ಮಾತಾಡಲು ನಾನು ಯಾರು ಎಂದು ಕೇಳಬಹುದು. ನನಗೂ ಅನುಭವ ಇದೆ. ಮಸ್ಕಿಯ ಶಾಲೆಯಲ್ಲಿ ನಾವೆಲ್ಲ ಮೊದಲು ಕಟ್ಟಿದ್ದು ಹಲ್ಲಿನ ವಾಚು. ಮುಂಗೈಯನ್ನು ಬಾಯಿಗಿಟ್ಟು ಗಟ್ಟಿಯಾಗಿ ಕಚ್ಚಿದರೆ ದುಂಡಗೆ ಹಲ್ಲಿನ ಗುರುತು ಮೂಡುತ್ತಿತ್ತು. ಅದು ಅಳಿಸುವವರೆಗೂ ವಾಚು ಚಾಲೂ. ಅದರಲ್ಲಿಯೂ ಅಂಕಿ ಇರಲಿಲ್ಲ, ಬರೀ ಕಡ್ಡಿಗಳೇ. ಅಂದರೆ ಹೈದರಾಬಾದಿನ ಗಾಜಿನ ಅಂಗಡಿಯಲ್ಲಿ ಇವತ್ತು ಮಾರುತ್ತಿರುವ ವಿನ್ಯಾಸವನ್ನು ನಾವು ಎರಡನೆಯ ಇಯತ್ತೆಯಲ್ಲಿಯೇ ಹಲ್ಲಿನಿಂದ ಮಾಡಿ ಬಿಟ್ಟುಬಿಟ್ಟಿದ್ದೆವು. ಆಮೇಲೆ ಬಂದದ್ದು ಬಾಲ್‌ಪೆನ್ನಿನ ವಾಚು. ಅದನ್ನು ಬರೆಯುವುದು ಸುಲಭವಲ್ಲ. ನಾನು ಒಂದರಿಂದ ಶುರು ಮಾಡಿ ದುಂಡಗೆ ಬರೆಯುತ್ತ ಹೋದರೆ, ಎಂಟು ಮುಗಿಯುವಷ್ಟರಲ್ಲಿ ಜಾಗ ಮುಗಿದು, ಒಂಬತ್ತರಿಂದ ಹನ್ನೆರಡರವರೆಗೆ ಶೇಂಗಾ ತುಂಬಿದ ಟೆಂಪೋದಲ್ಲಿ ಕೂತವರ ಹಾಗೆ ಒಂದರ ತೊಡೆ ಮೇಲೆ ಒಂದು ಕೂರುತ್ತಿದ್ದವು. ಆದರೂ ನನ್ನ ವಾಚು ಖಚಿತವಾಗಿತ್ತು. ಅದು ಯಾವಾಗಲೂ ಶಾಲೆ ಬಿಡುವ ಹೊತ್ತನ್ನು ತೋರಿಸುತ್ತಿತ್ತು, ಮತ್ತು ದಿನಕ್ಕೊಮ್ಮೆ ಸರಿಯಾಗಿಯೇ ಇರುತ್ತಿತ್ತು.

ಈ ಕಿರೀಟದ ವಾಚು ನನಗೆ ಬಂದದ್ದು ನಿಶ್ಚಯದ ದಿನ. ನಮ್ಮಲ್ಲಿ ಅಳಿಯನಿಗೆ ವಾಚು, ಉಂಗುರ ಹಾಕುವುದು ರೂಢಿ. ಹುಡುಗಿ ಗಿರಿಜಾ, ಸಿಂಧನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಅವಳ ತಂದೆ ಬಸವನಗೌಡರು ವಳಕಮದಿನ್ನಿಯವರು, ಕಾಲುವೆ ನೀರಿನ ಭತ್ತದ ಗದ್ದೆಯವರು, ನೀರಿನ ಹಾಗೆಯೇ ಧಾರಾಳ. ಹೊಲದಲ್ಲಿ ಜೋಳ ಬೆಳೆಯುವ ನಮ್ಮ ಮನೆಯವರು ಅವರ ಮಾತಿನ ಹರಿವಿಗೆ ಬದುವಿನ ಹಾಗೆ ಸುಮ್ಮನೆ ನಿಂತಿರುತ್ತಾರೆ, ಒಬ್ಬಳನ್ನು ಬಿಟ್ಟು. ಆಕೆ ನನ್ನ ದೊಡ್ಡವ್ವ.

ದೊಡ್ಡವ್ವನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಆಕೆ ನಮ್ಮ ದೊಡ್ಡಪ್ಪನ ಹೆಂಡತಿ, ಗುರುಗುಂಟಾದಿಂದ ಬಂದವಳು. ಅಪ್ಪ ಅವ್ವ ಹೊಲ ನೋಡಿಕೊಂಡರೆ, ನನ್ನನ್ನು ನೋಡಿಕೊಂಡವಳು ಆಕೆ. ಓದು ಬರಹ ಬಾರದು. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಗುರುತು ಗೊತ್ತು: ಬಿಳಿ ಗುಂಡು ಎಂದರೆ ಹುಣ್ಣಿಮೆ, ಕರಿ ಗುಂಡು ಎಂದರೆ ಅಮಾವಾಸ್ಯೆ. ಈ ಎರಡರ ನಡುವಿನ ತಿಥಿಗಳನ್ನು ಬೆರಳಿನ ಗೆಣ್ಣುಗಳಲ್ಲಿ ಇಟ್ಟುಕೊಂಡಿದ್ದಾಳೆ. ನಾನು ಹುಟ್ಟಿದ್ದು ಅಮಾವಾಸ್ಯೆಯಂದು. ಅಂದಿನಿಂದ ಅಮಾವಾಸ್ಯೆಗೂ ನನಗೂ ನಡುವೆ ಆಕೆ ನಿಂತಿದ್ದಾಳೆ. ಆ ದಿನ ಕ್ಷೌರ ಇಲ್ಲ, ಹೊಸ ಅಂಗಿ ಇಲ್ಲ. ಡ್ಯೂಟಿಗೆ ಹೋಗುವುದು ತಪ್ಪದ್ದರಿಂದ ಕಿಸೆಯಲ್ಲಿ ಒಂದು ನಿಂಬೆಹಣ್ಣು ಇಟ್ಟು ಕಳಿಸುತ್ತಾಳೆ. ಸಿಂಧನೂರು ಬಸ್ಸಿನ ಡ್ರೈವರ್ ಖಾಜಾಸಾಬ್ ಅದನ್ನು ನನ್ನಿಂದ ಇಸಿದುಕೊಂಡು ಚಹಾಕ್ಕೆ ಹಿಂಡಿಕೊಳ್ಳುತ್ತಾನೆ. ಹೀಗಾಗಿ ಆತನಿಗೂ ಅಮಾವಾಸ್ಯೆ ಯಾವತ್ತು ಎಂಬುದು ಬಾಯಿಪಾಠ.

ನನಗೆ ನೌಕರಿ ಸಿಕ್ಕಾಗ, ಹಾಜರಾಗಬೇಕಾದ ದಿನವೇ ಅಮಾವಾಸ್ಯೆ ಬಿತ್ತು. ದೊಡ್ಡವ್ವ ವಾದಕ್ಕೆ ಇಳಿಯಲಿಲ್ಲ. ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ ನನ್ನ ಊಟದ ಡಬ್ಬಿಯನ್ನು ಕಂಡಕ್ಟರನ ಕೈಗೆ ಕೊಟ್ಟು ಲಿಂಗಸುಗೂರಿಗೆ ಕಳಿಸಿದಳು. ಹೊರಡುವವನ ಒಂದು ವಸ್ತು ಮೊದಲೇ ಮನೆ ಬಿಟ್ಟರೆ ಅವನೇ ಬಿಟ್ಟಂತೆ, ಇದು ನಮ್ಮ ಕಡೆಯ ನಂಬಿಕೆ. ಹೀಗೆ ನನ್ನ ಡಬ್ಬಿ ನನಗಿಂತ ಒಂದು ದಿನ ಮೊದಲು ನೌಕರಿಗೆ ಹಾಜರಾಯಿತು. ಹಿರಿತನದ ಪಟ್ಟಿಯಲ್ಲಿ ಅದು ನನಗಿಂತ ಮೇಲಿದೆ ಎಂದು ಖಾಜಾಸಾಬ್ ಈಗಲೂ ಅನ್ನುತ್ತಾನೆ.

ಇಂಥ ದೊಡ್ಡವ್ವ ನಿಶ್ಚಯಕ್ಕೆ ದಿನ ತೆಗೆಸಿದ್ದಳು. ಹುಣ್ಣಿಮೆ ಕಳೆದ ಮೇಲಿನ ಪಂಚಮಿ. ವಳಕಮದಿನ್ನಿಯ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ, ನಡುವೆ ಎಲೆ ಅಡಿಕೆಯ ತಟ್ಟೆ ಇಟ್ಟಿದ್ದರು. ಎರಡೂ ಕಡೆಯ ಹಿರಿಯರು ಆ ಎಲೆ ಅಡಿಕೆ ಬದಲಿಸಿಕೊಂಡರೆ ಮಾತು ಗಟ್ಟಿಯಾದಂತೆ. ಅದಕ್ಕೂ ಮೊದಲು ಬಸವನಗೌಡರು ಕೆಂಪು ಮಖಮಲ್ಲಿನ ಪೆಟ್ಟಿಗೆ ತೆರೆದರು.

"ಖುದ್ದ ಹೈದರಾಬಾದಿಗೆ ಹೋಗಿ ತಂದೀನ್ರಿ. ಇಂಥಾದ್ದು ಸಿಂಧನೂರಾಗ ಯಾರ ಕೈಯಾಗೂ ಇಲ್ಲ."

ವಾಚು ಪಂಕ್ತಿಯಲ್ಲಿ ಬಡಿಸಿದ ಹಾಗೆ ಕೈಯಿಂದ ಕೈಗೆ ಹೋಯಿತು. ದೊಡ್ಡಪ್ಪ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ತಿರುವಿ ಬೆನ್ನನ್ನೂ ನೋಡಿದ.

"ಗೌಡ್ರ, ಅಂಕಿ ಎಲ್ಲಿ ಅದಾವ್ರಿ?"

"ದೊಡ್ಡ ಮಂದಿ ವಾಚಿಗೆ ಅಂಕಿ ಇರಂಗಿಲ್ರಿ ಮಾಮಾ. ಅವರಿಗೆ ಟೈಮ್ ಹೇಳಾಕ ಬ್ಯಾರೆ ಮಂದಿ ಇರ್ತಾರ."

"ನಮ್ಮ ಹುಡುಗನ ಆ ಬ್ಯಾರೆ ಮಂದ್ಯಾಗಿನವ ನೋಡ್ರಿ. ಊರಿಗೆಲ್ಲ ಟೈಮ್ ಹೇಳೋ ನೌಕರಿ ಅವಂದು." ದೊಡ್ಡಪ್ಪ ಮತ್ತೆ ಕಣ್ಣು ಕಿರಿದು ಮಾಡಿ ನೋಡಿದ. "ಒಳಗ ಒಂದು ಮರಿ ವಾಚೂ ಐತಲ್ಲ!"

"ಅದು ಪರದೇಶದ ಟೈಮ್ ನೋಡಾಕ್ರಿ."

"ಪರದೇಶ ಯಾಕ? ಲೇ ಅಮರಾ, ಅದರಾಗ ವಳಕಮದಿನ್ನಿ ಟೈಮ್ ಇಟ್ಕೋ. ಮಾವನ ಮನ್ಯಾಗ ಊಟ ಎಷ್ಟೊತ್ತಿಗೆ ಅಂತ ಮಸ್ಕ್ಯಾಗ ಕುಂತ ತಿಳಿತೈತಿ."

ಎಲ್ಲರೂ ನಕ್ಕರು. ಬಸವನಗೌಡರೇ ಎದ್ದು ಬಂದು ನನ್ನ ಮುಂಗೈಗೆ ಕಟ್ಟಿದರು. ತಣ್ಣಗೆ, ಭಾರವಾಗಿ ಕೂತಿತು. ಆಗ ದೊಡ್ಡವ್ವ ನನ್ನ ಕೈ ಹಿಡಿದು ತನ್ನ ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು.

ವಾಚಿನ ಕೆಳಭಾಗದಲ್ಲಿ, ಆರರ ಕಡ್ಡಿಗೆ ತಾಗಿ, ಒಂದು ಪುಟ್ಟ ಕಿಟಕಿ ಇದೆ. ನಾನು ಇಷ್ಟು ಹೊತ್ತು ಅದರ ಸುದ್ದಿ ತೆಗೆಯದೆ ಇದ್ದದ್ದು ಬೇಕೆಂದೇ. ಇಡೀ ಮುಖದಲ್ಲಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಅದೊಂದೇ.

"ಅದೇನೋ ಕರೇದು?" ಎಂದಳು ದೊಡ್ಡವ್ವ.

ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡದೆ ಬಿಡುವುದು ನನ್ನ ಜಾಯಮಾನದಲ್ಲಿ ಇಲ್ಲ. "ಅದು ಚಂದ್ರನ ಕಿಟಕಿ ದೊಡ್ಡವ್ವ. ದಿನಾ ಆಕಾಶದಾಗ ಚಂದ್ರ ಎಷ್ಟು ಅದಾನ ಅಂತ ತೋರಸ್ತೈತಿ. ಹುಣ್ಣಿಮಿಗೆ ಪೂರಾ ಬಂಗಾರದ ಚಂದ್ರ ಕಾಣ್ತಾನ, ಅಮಾಸಿಗೆ..." ಎಂದವನು ಅಲ್ಲಿಗೆ ನಿಲ್ಲಿಸಿದೆ. ಕಿಟಕಿಯ ತುಂಬ ಕಪ್ಪು ಕಾಣುತ್ತಿತ್ತು.

"ಅಮಾಸಿಗೆ ಕರೇ ಗುಂಡು," ದೊಡ್ಡವ್ವ ತಾನೇ ಮುಗಿಸಿದಳು. "ಕ್ಯಾಲೆಂಡರಿನ್ಯಾಗ ಇದ್ದಂಗ."

ಪಡಸಾಲೆಯಲ್ಲಿ ಅಷ್ಟೂ ಮಂದಿ ಆ ವಾಚನ್ನು ನೋಡಿದ್ದರು. ಒಬ್ಬರಿಗೂ ಅದರಿಂದ ಏನೂ ಓದಲು ಬಂದಿರಲಿಲ್ಲ. ಸರಾಗವಾಗಿ ಓದಿದವಳು ದೊಡ್ಡವ್ವ ಒಬ್ಬಳೇ, ಮತ್ತು ಆಕೆ ಓದಿದ್ದು ಇದು.

"ಅದು ಖರೆ ಅಮಾಸಿ ಅಲ್ಲ ದೊಡ್ಡವ್ವ. ಅಂಗಡ್ಯಾಗ ಸೆಟ್ ಮಾಡಿಲ್ಲ. ಇವತ್ತ ಪಂಚಮಿ."

"ಇವತ್ತ ಪಂಚಮಿ ಅಂತ ನೀ ನನಗ ಹೇಳ್ತಿಯೇನೋ? ದಿನ ತಗಸಿದಾಕಿ ನಾನು. ದಿನ ಒಳ್ಳೇದೈತಿ ಅಂತ ಇಷ್ಟ ದೂರ ಬಂದೀವಿ. ಬಂದು, ಅಮಾಸೀನ ಕೈಗೆ ಕಟ್ಟಿಸ್ಕೊಂಡು ಎಲಿ ಅಡಿಕಿ ಹಿಡಿತೀಯಾ? ನಾ ಹಿಡಿಯಾಕ ಬಿಡಂಗಿಲ್ಲ."

ಬಸವನಗೌಡರ ಮುಖ ಕಾಲುವೆಗೆ ನೀರು ಬಂದ್ ಮಾಡಿದ ಹಾಗಾಯಿತು. "ಅಕ್ಕಾರ, ಮತ್ತ... ತೆಗದು ಇಡೂಣೇನ್ರಿ?" ಎಂದರು. ಅಷ್ಟು ದೂರದಿಂದ ಖುದ್ದಾಗಿ ತಂದ ಮನುಷ್ಯನ ಬಾಯಿಂದ ಆ ಮಾತು ಬಂದದ್ದು ಕೇಳಿ ನನಗೇ ಕಸಿವಿಸಿಯಾಯಿತು.

"ಬೀಗರು ಕಟ್ಟಿದ್ದನ್ನ ಬಿಚ್ಚೂದು ಅಂದ್ರ ಸಂಬಂಧ ಬ್ಯಾಡ ಅಂದಂಗ," ಎಂದ ದೊಡ್ಡಪ್ಪ. ಅದೂ ನಿಜವೇ. ಕಟ್ಟಿಕೊಂಡಿದ್ದರೆ ದೊಡ್ಡವ್ವ ಬಿಡುವುದಿಲ್ಲ, ಬಿಚ್ಚಿದರೆ ಬೀಗರಿಗೆ ಅವಮಾನ. ನನ್ನ ಮದುವೆ ಕಡಲೆಕಾಳಿನಷ್ಟು ಕಿಟಕಿಯಲ್ಲಿ ಸಿಕ್ಕಿಕೊಂಡಿತು.

ಶಾಸ್ತ್ರಕ್ಕೆ ಬಂದಿದ್ದ ಅಯ್ಯನವರ ಕಡೆ ಎಲ್ಲರೂ ತಿರುಗಿದರು. ಅವರು ಬಹಳ ಯೋಚಿಸಿ, "ಪಂಚಾಂಗದಾಗ ವಾಚಿನ ವಿಚಾರ ಎಲ್ಲೂ ಬಂದಿಲ್ರಿ ತಾಯಿ," ಎಂದರು. ಎಲೆ ಅಡಿಕೆಯ ತಟ್ಟೆ ನಡುವೆ ಹಾಗೆಯೇ ಇತ್ತು. ಯಾರ ಕೈಯೂ ಅದರ ಕಡೆ ಹೋಗಲಿಲ್ಲ. ಒಂದು ನೊಣ ಮಾತ್ರ ಎರಡೂ ಕಡೆಯವರ ಪರವಾಗಿ ಅದರ ಮೇಲೆ ಓಡಾಡಿತು.

ಆಗ, ಇಷ್ಟೂ ಹೊತ್ತು ತಲೆ ತಗ್ಗಿಸಿ ಕೂತಿದ್ದ ಗಿರಿಜಾ ತಲೆ ಎತ್ತಿದಳು.

"ಜರಾ ಕೈ ಕೊಡ್ರಿ."

ಅವಳು ನನಗೆ ಹೇಳಿದ ಮೊದಲ ಮಾತು ಅದು. ತಲೆ ಕೆಟ್ಟು ನಾನು ಬಲಗೈ ಕೊಟ್ಟೆ.

"ವಾಚಿನ ಕೈರಿ."

ಭುಜದ ಮೇಲಿನ ಸೀರೆಯ ಮಡಿಕೆಗೆ ಚುಚ್ಚಿದ್ದ ಪಿನ್ನನ್ನು ಬಿಚ್ಚಿ, ದೊಡ್ಡವ್ವನ ಕಡೆ ತಿರುಗಿ ಅವಳು ಹೇಳಿದಳು: "ದೊಡ್ಡವ್ವಾರ, ಇದರ ಪಕ್ಕದಾಗ ಸೂಜಿ ಮೊನಿ ಅಷ್ಟ ಒಂದು ತೂತು ಐತ್ರಿ. ಪೆಟ್ಟಿಗ್ಯಾಗಿನ ಪುಸ್ತಕ ಓದೀನಿ. ಒಂದ ಸರ್ತಿ ಒತ್ತಿದ್ರ ಚಂದ್ರ ಒಂದ ದಿನ ಮುಂದ ಹೋಗ್ತಾನ." ಒತ್ತಿದಳು. ಟಕ್ ಎಂದಿತು.

ಎಲ್ಲರ ತಲೆಗಳೂ ನನ್ನ ಮುಂಗೈ ಮೇಲೆ ಬಂದವು. ಕಪ್ಪಿನ ಅಂಚಿನಲ್ಲಿ ಬಂಗಾರದ ಎಳೆಯೊಂದು ಇಣುಕಿತು.

"ಪಾಡ್ಯ," ಎಂದಳು ದೊಡ್ಡವ್ವ, ತನಗರಿವಿಲ್ಲದೆ. ಟಕ್. "ಬಿದಿಗಿ." ಟಕ್. "ತದಿಗಿ." ಟಕ್. "ಚೌತಿ." ಹೆಂಗಸರೆಲ್ಲ ದನಿ ಸೇರಿಸಿದರು. ಪಡಸಾಲೆಯಲ್ಲಿ ತಿಥಿಗಳು ಒಂದರ ಹಿಂದೊಂದು ಬಸ್ಸಿನ ಹಾಗೆ ಬಂದು ಹೋದವು. ಚಂದ್ರ ಬೆಳೆಯುತ್ತಾ ಬೆಳೆಯುತ್ತಾ ಕಿಟಕಿಯ ನಡುವಿಗೆ ಬಂದು ದುಂಡಗೆ ನಿಂತ.

"ಹುಣ್ಣಿಮಿ!" ಎಂದಳು ದೊಡ್ಡವ್ವ. ಬಸವನಗೌಡರು ಉಸಿರು ಬಿಟ್ಟದ್ದು ಅಂಗಳದವರೆಗೂ ಕೇಳಿಸಿತು.

ಇಲ್ಲಿಗೆ ಸುಮ್ಮನಿದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. "ಇನ್ನೊಂದ ಐದ ಸರ್ತಿ ಒತ್ರಿ," ಎಂದೆ. "ಹುಣ್ಣಿಮಿ ಆಗಿ ಐದ ದಿನ ಆತು. ಇನ್ನೈದು ಒತ್ತಿದ್ರ ಇವತ್ತಿನ ಪಂಚಮಿಗೆ ಬರೋಬ್ಬರಿ ಆಗ್ತೈತಿ."

ಗಿರಿಜಾ ನನ್ನನ್ನು ನೋಡಿದಳು. ತರಗತಿಯಲ್ಲಿ ಗಂಟೆ ಹೊಡೆದ ಮೇಲೂ ಪ್ರಶ್ನೆ ಕೇಳುವ ಹುಡುಗನನ್ನು ನೋಡುವ ನೋಟ ಅದು. "ಸಾಕ್ರಿ," ಎಂದು ಪಿನ್ನನ್ನು ಸೀರೆಗೆ ಚುಚ್ಚಿಕೊಂಡಳು.

"ಬಂಗಾರದಂಥ ಹುಣ್ಣಿಮಿ ಬಂದು ನಿಂತೈತಿ, ಮತ್ತ ಇಳಸ್ತಾನಂತ," ದೊಡ್ಡವ್ವ ನನ್ನ ತಲೆಗೆ ಮೆಲ್ಲಗೆ ಕುಟ್ಟಿ, ತಾನೇ ತಟ್ಟೆಗೆ ಕೈ ಹಾಕಿ ಎಲೆ ಅಡಿಕೆ ಎತ್ತಿದಳು.

ಅಂದು ಡೈರಿಯಲ್ಲಿ ಮೊದಲ ಸಲ ಎರಡು ತಿಥಿ ಬರೆದೆ. ಆಕಾಶದ ಪ್ರಕಾರ ಪಂಚಮಿ, ವಾಚಿನ ಪ್ರಕಾರ ಹುಣ್ಣಿಮೆ. ಅಂದಿನಿಂದ ದಿನವೂ ಎರಡು ಕಾಲಂ. ಹೊರಗೆ ಅಮಾವಾಸ್ಯೆಯಾದರೆ ನನ್ನ ಕೈಯಲ್ಲಿ ಮುಕ್ಕಾದರೂ ಹೊಳೆಯುವ ಚಂದ್ರ. ಹಲ್ಲಿನಲ್ಲಿ ನಾರು ಸಿಕ್ಕಿಕೊಂಡವನ ಹಾಗೆ ನನ್ನ ಮನಸ್ಸು ಹಗಲೆಲ್ಲ ಆ ಐದರ ಮೇಲೆಯೇ ಆಡುತ್ತಿತ್ತು.

ಬಸ್ ನಿಲ್ದಾಣದಲ್ಲಿ ಬೇರೆ ಫಜೀತಿ. ಖಾಜಾಸಾಬ್ ಸ್ಟೇರಿಂಗಿನ ಮುಂದೆ ಕೂತು, "ಸಾಹೇಬ್ರ, ಬಿಡ್ಲೇನ್ರಿ?" ಎಂದು ಕೂಗುತ್ತಿದ್ದ. ನಾನು ಕೈ ಎತ್ತಿ, ಬಿಸಿಲಿಗೆ ಅಡ್ಡ ಹಿಡಿದು, ನೆರಳಿಗೆ ತಿರುಗಿಸಿ, ಕಿರೀಟದಿಂದ ಕಡ್ಡಿ ಎಣಿಸುತ್ತಾ ಬರುತ್ತಿದ್ದೆ. ಆತ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೀವ್ ವಾಚ್ ನೋಡಿ ಮುಗಿಸೋದ್ರೊಳಗ ನಾವ್ ಮಸ್ಕಿ ಮುಟ್ತಿದ್ವಿ ನೋಡ್ರಿ!" ಎನ್ನುತ್ತಿದ್ದ. ಮೊದಲ ವಾರ ನನ್ನನ್ನು ಟೈಮ್ ಕೇಳಿದವರು ಹನ್ನೊಂದು ಮಂದಿ, ವಾಚು ನೋಡಿ ಸರಿಯಾಗಿ ಹೇಳಿದ್ದು ನಾಲ್ವರಿಗೆ. ಮೊಬೈಲಿನ ಚಟ ಶುರುವಾದದ್ದು ಆಗ.

ವಾಚು ಬಿಚ್ಚಿಡಲೂ ಆಗುತ್ತಿರಲಿಲ್ಲ. ಮಾವ ವಿಡಿಯೋ ಕಾಲ್ ಮಾಡಿದಾಗ ಮೊದಲು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ. "ಅಳಿಯಂದ್ರ, ಮದಿವ್ಯಾಗ ಇದನ್ನ ಹಾಕ್ಕೋಬೇಕ್ರಿ ಮತ್ತ. ಮುಹೂರ್ತ ಇದರಾಗ ನೋಡೂದೈತಿ," ಎನ್ನುತ್ತಿದ್ದರು.

ಮದುವೆ ಎಂದ ಕೂಡಲೇ ಲೆಕ್ಕ ಹಾಕುವುದು ನನ್ನ ದುರಭ್ಯಾಸ. ನಿಶ್ಚಯಕ್ಕೂ ಮದುವೆಗೂ ಒಂದೂವರೆ ತಿಂಗಳು. ಮದುವೆಯ ದಿನ ಆಕಾಶದಲ್ಲಿ ಶುದ್ಧ ಪಂಚಮಿ, ದೊಡ್ಡವ್ವನೇ ಒಪ್ಪಿದ ತಿಥಿ. ಆದರೆ ವಾಚಿನಲ್ಲಿ? ಹುಣ್ಣಿಮೆಯಿಂದ ಹೊರಟ ಚಂದ್ರ ಒಂದು ತಿಂಗಳಿಗೆ ಮತ್ತೆ ಹುಣ್ಣಿಮೆಗೆ ಬರುತ್ತಾನೆ. ಅಲ್ಲಿಂದ ಅರ್ಧ ತಿಂಗಳು ಎಂದರೆ... ನಾನು ಮತ್ತೊಮ್ಮೆ ಎಣಿಸಿದೆ. ಬೆರಳಿನ ಗೆಣ್ಣುಗಳಲ್ಲಿಯೂ ಎಣಿಸಿದೆ. ಅಮಾವಾಸ್ಯೆ. ಸರಿಯಾಗಿ ಮದುವೆಯ ದಿನವೇ ನನ್ನ ಮುಂಗೈ ಮೇಲೆ ಅಮಾವಾಸ್ಯೆ.

ಗಿರಿಜಾಳಿಗೆ ಫೋನು ಮಾಡಿದೆ. ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ.

"ಮದಿವಿ ಗೊತ್ತಾದ ಮ್ಯಾಲ ಹುಡುಗರು ಫೋನ್ ಮಾಡಿ ಊಟ ಆತೇನ್ರಿ ಅಂತ ಕೇಳ್ತಾರಂತ," ಎಂದಳು. "ನೀವ್ ಚಂದ್ರನ ಗತಿ ಹೇಳಾಕತ್ತೀರಿ."

"ಊಟ ಆತೇನ್ರಿ?"

"ಆತ್ರಿ. ಏನ್ ಫಿಕರ್ ಮಾಡಬ್ಯಾಡ್ರಿ. ಮದಿವಿ ಹಿಂದಿನ ದಿನ ಕಲ್ಯಾಣ ಮಂಟಪದಾಗ ಸಿಗ್ತೀವಲ್ಲ, ಒತ್ತಿ ಕೊಡ್ತೀನಿ. ನೀವು ಮಾತ್ರ ಮುಟ್ಟಬ್ಯಾಡ್ರಿ. ಮತ್ತ ಸಂಜಿ ಮ್ಯಾಲಿಂದ ಬೆಳಗಾಗೂ ಮಟ ಅದನ್ನ ಒತ್ತಬಾರದು, ಒಳಗಿನ ಹಲ್ಲು ಮುರಿತಾವಂತ ಪುಸ್ತಕದಾಗ ಬರದಾರ."

ಮುಟ್ಟಬೇಡಿ ಎಂದ ಮೇಲೆ ಭಾನುವಾರ ಮುಟ್ಟಿಯೇ ನೋಡಿದೆ. ಪಿನ್ನು ಜಾರಿ, ಒತ್ತುತ್ತಿದ್ದ ಬಲಗೈಯ ಹೆಬ್ಬೆರಳಿಗೇ ಹೊಕ್ಕಿತು. ಚಂದ್ರ ಅಲುಗಲಿಲ್ಲ. ಅದನ್ನೂ ಡೈರಿಯಲ್ಲಿ ಬರೆದೆ, ಎಡಗೈಯಿಂದ.

ಮದುವೆಯ ಹಿಂದಿನ ದಿನ ಸಿಂಧನೂರಿನ ಕಲ್ಯಾಣ ಮಂಟಪ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಹೆಣ್ಣಿನ ಕಡೆಯವರಿಗೆ ಮೇಲಿನ ಖೋಲಿ, ನಮಗೆ ಕೆಳಗಿನದು. ಮೇಲೆ ಹೋಗಲು ನಾನು ಮೆಟ್ಟಿಲ ಹತ್ತಿರ ಸುಳಿದಾಡಿದೆ. ಹೆಂಗಸರು ಹಿಡಿದು ತಂದು ಅರಿಷಿಣಕ್ಕೆ ಕೂರಿಸಿದರು. ಅರಿಷಿಣ ಹಚ್ಚಿದ ಮೇಲೆ ಮುಹೂರ್ತದವರೆಗೆ ಗಂಡು ಹೆಣ್ಣು ಮುಖ ನೋಡುವಂತಿಲ್ಲ. ಈ ಶಾಸ್ತ್ರವನ್ನು ನಾನೂ ಮರೆತಿದ್ದೆ, ಭೌತಶಾಸ್ತ್ರ ಕಲಿಸುವವಳೂ ಮರೆತಿದ್ದಳು.

"ಅರಿಷಿಣ ಮೆತ್ತೀತು, ತೆಗಿ ಅದನ್ನ," ಎಂದು ದೊಡ್ಡವ್ವ ತಾನೇ ನನ್ನ ಕೈಯ ವಾಚು ಬಿಚ್ಚಿದಳು. ಸೆರಗಿನಲ್ಲಿ ಕಟ್ಟಿಕೊಳ್ಳುವ ಮೊದಲು ಒಮ್ಮೆ ಅದರ ಮುಖ ನೋಡಿದಳು. ಕಿಟಕಿಯಲ್ಲಿ ಬಂಗಾರದ ಕೂದಲೆಳೆಯಷ್ಟು ಉಳಿದಿತ್ತು. ಮಾರನೆಯ ದಿನ ಅದೂ ಇರುವುದಿಲ್ಲ ಎಂದು ಬೆರಳಲ್ಲಿ ತಿಥಿ ಎಣಿಸುವವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಬೈಗುಳಕ್ಕೆ ಕಾದೆ. ಆಕೆ ಸೆರಗಿಗೆ ಗಂಟು ಹಾಕಿ, ನನ್ನ ಗಲ್ಲಕ್ಕೆ ಅರಿಷಿಣ ಹಚ್ಚಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಬಾಸಿಂಗ ಕಟ್ಟಿ ನನ್ನನ್ನು ವೇದಿಕೆಗೆ ಕರೆದುಕೊಂಡು ಹೋದರು. ಗಿರಿಜಾ ಪಕ್ಕದಲ್ಲಿ ಬಂದು ಕೂತಳು. ಕೆಳಗೆ ಮುಂದಿನ ಸಾಲಿನಲ್ಲಿ ಮಾವ, ನನ್ನ ಬರಿಗೈ ನೋಡಿ ಎದ್ದು ನಿಂತೇಬಿಟ್ಟರು. ಅಷ್ಟರಲ್ಲಿ ದೊಡ್ಡವ್ವ ಬಂದಳು. ಸೆರಗಿನ ಗಂಟು ಬಿಚ್ಚಿ, ವಾಚು ತೆಗೆದು, ಎಲ್ಲರ ಎದುರಿಗೆ ನನ್ನ ಮುಂಗೈಗೆ ಕಟ್ಟಿದಳು.

ನಾನು ಒಂದು ಕಣ್ಣು ಮುಚ್ಚಿ ನೋಡಿದೆ. ಅಮಾವಾಸ್ಯೆ ಇರಲಿಲ್ಲ. ಹುಣ್ಣಿಮೆಯೂ ಇರಲಿಲ್ಲ. ಕುಡುಗೋಲಿನಂಥ ಬಂಗಾರದ ಚಂದ್ರ ಕಿಟಕಿಯ ಒಂದು ಮೂಲೆಯಲ್ಲಿ ಕೂತಿದ್ದ. ಶುದ್ಧ ಪಂಚಮಿ. ಆಕಾಶದಲ್ಲಿ ಎಷ್ಟೋ ಅಷ್ಟೇ.

"ಯಾರು..." ಎಂದೆ.

ಗಿರಿಜಾ ಮುಂದೆ ನೋಡುತ್ತಲೇ, ತುಟಿ ಅಲುಗಿಸದೆ ಹೇಳಿದಳು. "ದೊಡ್ಡವ್ವಾರು ನಸುಕಿನ್ಯಾಗ ಮ್ಯಾಲ ಬಂದಿದ್ರು. ಒತ್ತವ್ವಾ ಅಂದ್ರು. ಬೆಳಗಾಗೂ ಮಟ ಒತ್ತಬಾರದ್ರಿ ಅಂದೆ. ಹೌದು, ಕತ್ತಲ್ಯಾಗ ಚಂದ್ರನ್ನ ಮುಟ್ಟಬಾರದು ಅಂತ ಹೇಳಿ, ಹೊತ್ತು ಹುಟ್ಟೂ ಮಟ ನನ್ನ ಹಾಸಿಗಿ ಮ್ಯಾಲ ಕುಂತಿದ್ರು."

"ನೀವು ಹುಣ್ಣಿಮಿ ಮಾಡ್ಲಿಲ್ಲೇನ್ರಿ?"

"ನಾ ಹುಣ್ಣಿಮೀನ ಮಾಡಾಕ ಹೊಂಟಿದ್ದೆ. ಐದು ಒತ್ತಿದ ಕೂಡ್ಲೆ ಕೈ ಹಿಡಿದ್ರು. 'ಸಾಕು, ಇವತ್ತಿನ ಚಂದ್ರ ಎಷ್ಟ ಅದಾನ ಅಷ್ಟ ಇರ್ಲಿ. ನಮ್ಮ ಹುಡುಗ ಅವತ್ತಿನಿಂದ ಸರಿಯಾಗಿ ಉಂಡಿಲ್ಲ. ಸುಳ್ಳ ಚಂದ್ರನ್ನ ಕಟ್ಟಿದ್ರ ಅವಗ ಕೂಳು ಇಳಿಯಂಗಿಲ್ಲ' ಅಂದ್ರು." ಆಮೇಲೆ, "ನಿಮ್ಮ ಆ ಐದು ಮುಗದ್ವಲ್ರಿ ಈಗ?" ಎಂದಳು.

ಬಾಸಿಂಗದ ಮುತ್ತುಗಳು ಕಣ್ಣಿಗೆ ಅಡ್ಡ ಬಂದದ್ದು ಒಳ್ಳೆಯದಾಯಿತು. ದೊಡ್ಡವ್ವನ ಕಡೆ ನೋಡಿದೆ. ಆಕೆಯ ಸೆರಗು ಪಿನ್ನಿಲ್ಲದೆ ಜಾರುತ್ತಿತ್ತು. ದಿನವೂ ಆಕೆಯ ಭುಜದ ಮೇಲೆ ಇರುತ್ತಿದ್ದ ತುಕ್ಕು ಹಿಡಿದ ದೊಡ್ಡ ಪಿನ್ನು, ಗಿರಿಜಾಳ ಧಾರೆ ಸೀರೆಯ ಭುಜದಲ್ಲಿತ್ತು.

"ಅಳಿಯಂದ್ರ!" ಮಾವ ಕೆಳಗಿನಿಂದ ಗುಡುಗಿದರು. "ಮುಹೂರ್ತದ ಹೊತ್ತಾತು! ವಾಚ್ ನೋಡಿ ಟೈಮ್ ಹೇಳ್ರಿ!"

ಮಂದಿಯೆಲ್ಲ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಎದ್ದು ನಿಂತರು. ನಾನು ಗಾಂಭೀರ್ಯದಿಂದ ಕೈ ಎತ್ತಿದೆ. ವಿಡಿಯೋದವನ ದೀಪ ನೇರ ವಾಚಿನ ಮೇಲೆ ಬಿತ್ತು. ಬೆಳ್ಳಿಯ ಮೇಲಿನ ಬೆಳ್ಳಿಯ ಮುಳ್ಳುಗಳು ಎರಡೂ ಮಾಯವಾದವು. ಕಂಡದ್ದು ಕಿರೀಟ ಒಂದೇ.

"ಎದುರ ಗ್ವಾಡಿ," ಎಂದಳು ಗಿರಿಜಾ ಮೆಲ್ಲಗೆ.

ಎದುರಿನ ಗೋಡೆಯಲ್ಲಿ, ಯಾರೋ ಯಾವುದೋ ಮದುವೆಯಲ್ಲಿ ಉಡುಗೊರೆ ಕೊಟ್ಟ ಪ್ಲಾಸ್ಟಿಕ್ ಗಡಿಯಾರವೊಂದು ತೂಗುತ್ತಿತ್ತು. ರೊಟ್ಟಿಯಷ್ಟು ಅಗಲ, ಬದನೆಕಾಯಿಯಷ್ಟು ದಪ್ಪ ಅಂಕಿಗಳು. ಮುಂಗೈಯನ್ನು ಮುಖದ ಮುಂದೆ ಹಿಡಿದು, ಅದರ ಮೇಲಿನಿಂದ ಗೋಡೆ ನೋಡಿ ಟೈಮ್ ಹೇಳಿದೆ. ಮಾವನ ಮುಖ ಅರಳಿತು. ಅಕ್ಕಿಕಾಳು ಬಿದ್ದವು.

ಈಗ ಡೈರಿಯಲ್ಲಿ ತಿಥಿಗೆ ಒಂದೇ ಕಾಲಂ. ದಿನವೂ ನಾನು ಡ್ಯೂಟಿಗೆ ಹೊರಡುವಾಗ ದೊಡ್ಡವ್ವ ಬಾಗಿಲಲ್ಲಿ ನನ್ನ ಕೈ ಹಿಡಿದು ಚಂದ್ರನನ್ನು ನೋಡುತ್ತಾಳೆ, ಗೋಡೆಯ ಕ್ಯಾಲೆಂಡರ್ ನೋಡುತ್ತಾಳೆ, ಆಮೇಲೆ ಬಿಡುತ್ತಾಳೆ. ಟೈಮ್ ನೋಡಲು ನನಗೆ ಮೊಬೈಲು ಇದೆ. ವಾಚು ಆಕೆಯದು, ಕೈ ಮಾತ್ರ ನನ್ನದು. ಸಂತೆಕಲ್ಲೂರಿನ ಹಿರಿಯರ 'ಮತ್ತ?' ಎಂಬ ಪ್ರಶ್ನೆಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ.

ಮದುವೆಯಾದ ಮೇಲೆ ಮೊದಲ ಅಮಾವಾಸ್ಯೆ ಬಂದಾಗ ನಾನು ಅಂಜುತ್ತಲೇ ಕೈ ಚಾಚಿದೆ. ಕಿಟಕಿ ಪೂರಾ ಕಪ್ಪು. ದೊಡ್ಡವ್ವ ಕ್ಯಾಲೆಂಡರಿನ ಕಡೆ ತಿರುಗಿದಳು. ಅಲ್ಲಿಯೂ ಕರಿ ಗುಂಡು.

"ಬರೋಬ್ಬರಿ ಐತಿ," ಎಂದಳು, ಹುಡುಗನ ಲೆಕ್ಕ ಸರಿಬಂದಾಗ ಮಾಸ್ತರು ಅನ್ನುವ ಹಾಗೆ. "ಹೋಗಿ ಬಾ."

ಅಂದು ನನ್ನ ಕಿಸೆಯಲ್ಲಿ ಎರಡು ನಿಂಬೆಹಣ್ಣು ಇದ್ದವು. ಒಂದು ನನಗೆ, ಒಂದು ವಾಚಿಗೆ.